ಹೆಪ್ಪುಗಟ್ಟಿದ ಸರೋವರದಲ್ಲಿ ವಾಲೈ ಮೀನಿಗೆ ಗಾಳ: ಯಾವ ಲೂರ್ ಆರಿಸಬೇಕು, ಹೇಗೆ ಕಟ್ಟಬೇಕು?

ಕಡೆಕಾರಿನ ಮಾಸ್ಟ್ರು, ಉಡುಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿಕ್ಷಕ ವೃತ್ತಿಯಿಂದ ನಿವೃತ್ತನಾಗಿ ಕಡೆಕಾರಿನಲ್ಲಿ ನೆಲೆಸಿರುವ ನಾನು, ಸೀತಾ ಮತ್ತು ಸುವರ್ಣಾ ನದಿಗಳು ಸಮುದ್ರ ಸೇರುವ ಕೋಡಿಬೆಂಗ್ರೆಯ ಅಳಿವೆಯಲ್ಲಿ ಸುಮಾರು ಮೂವತ್ತು ವರ್ಷಗಳಿಂದ ಬಿಡುವು ಸಿಕ್ಕಾಗಲೆಲ್ಲ ಗಾಳ ಹಾಕುತ್ತ ಬಂದವನು. ಸಿಗಡಿಯನ್ನು ಸಿಕ್ಕಿಸಿ ಕಾಣೆ ಹಿಡಿಯುವುದು, ಕಲ್ಲಿನ ಸಂದಿನಲ್ಲಿ ಕೆಂಬೇರಿಗಾಗಿ ಕಾಯುವುದು, ಮಳೆಗಾಲ ಮುಗಿದ ಮೇಲೆ ಮಲ್ಪೆಯ ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ಕುಳಿತು ಬಂಗುಡೆಯ ಹಿಂಡಿಗೆ ದಾರ ಬಿಡುವುದು, ಇವಿಷ್ಟು ನನ್ನ ಅನುಭವ. ಲೂರ್‌ಗಳನ್ನು, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆಗಳನ್ನು, ಬಳಸಿದ್ದು ಕಡಿಮೆ.

ನನ್ನ ಮಗ ಕೆನಡಾದ ವಿನ್ನಿಪೆಗ್ ನಗರದಲ್ಲಿದ್ದಾನೆ. ಬರುವ ಡಿಸೆಂಬರ್ ನಡುವಿನಿಂದ ಮಾರ್ಚ್ ಮೊದಲ ವಾರದವರೆಗೆ ನಾವಿಬ್ಬರೂ, ನಾನು ಮತ್ತು ನನ್ನ ಮನೆಯವರು, ಅವನಲ್ಲಿಗೆ ಹೋಗುವುದೆಂದು ನಿಶ್ಚಯವಾಗಿದೆ. ಅಲ್ಲಿ ಚಳಿಗಾಲದಲ್ಲಿ ವಿನ್ನಿಪೆಗ್ ಸರೋವರದ ಮೇಲೆ ಬೈರಿಗೆಯಿಂದ ಮಂಜುಗಡ್ಡೆಯನ್ನು ಕೊರೆದು, ಆ ತೂತಿನ ಮೂಲಕ ವಾಲೈ ಎಂಬ ಮೀನನ್ನು ಹಿಡಿಯುತ್ತಾರೆ ಎಂದು ಮಗ ಹೇಳಿದ್ದಾನೆ. ಅವನು ಒಂದು ಮಡಚುವ ಗುಡಾರವನ್ನೂ, ಕೈಯಳತೆಯ ಎರಡು ಚಿಕ್ಕ ರಾಡ್‌ಗಳನ್ನೂ ಕೊಂಡಿದ್ದಾನೆ. ಲೂರ್‌ಗಳನ್ನು ಮಾತ್ರ ಕೊಂಡಿಲ್ಲ. "ಅಪ್ಪ, ಗಾಳದ ವಿಷಯ ನಿಮಗೆ ಗೊತ್ತು, ನೀವೇ ಆರಿಸಿ" ಎಂದು ನನ್ನ ಮೇಲೆ ಬಿಟ್ಟಿದ್ದಾನೆ.

ಅಂಗಡಿಗಳ ಪಟ್ಟಿಯನ್ನು ತೆರೆದು ನೋಡಿದರೆ ಒಂದೇ ಮೀನಿಗೆ ನೂರಾರು ಬಗೆಯ ಜಿಗ್‌ಗಳು, ಅಂದರೆ ನೀರಿನಲ್ಲಿ ಮೇಲೆ ಕೆಳಗೆ ಆಡಿಸುವ ಭಾರದ ಲೂರ್‌ಗಳು, ಕಾಣುತ್ತವೆ. ತಗಡಿನಂತೆ ತೆಳ್ಳಗಿನ ಸ್ಪೂನ್‌ಗಳು, ಗುಂಡು ತಲೆಯ ಜಿಗ್‌ಗಳು, ಬಾಲಕ್ಕೆ ಪ್ಲಾಸ್ಟಿಕ್ ರೆಕ್ಕೆಯುಳ್ಳ ಪುಟ್ಟ ಮೀನಿನಾಕಾರದವು, ಒಳಗೆ ಗುಂಡುಗಳಿದ್ದು ಗಿಲಿಗಿಲಿ ಸದ್ದು ಮಾಡುವವು. ಇವುಗಳ ನಡುವೆ ನಿಜವಾದ ವ್ಯತ್ಯಾಸವೇನು, ಮೊದಲ ಸಲ ಹೋಗುವವನು ಯಾವುದನ್ನು ಕೊಳ್ಳಬೇಕು, ಎಷ್ಟು ತೂಕದ್ದು ಬೇಕು, ಬಣ್ಣಕ್ಕೆ ಎಷ್ಟು ಮಹತ್ವ ಕೊಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ವಿವರಿಸಬೇಕು. ಹಾಗೆಯೇ ದಾರಕ್ಕೆ ಲೂರ್ ಕಟ್ಟುವ ಕ್ರಮವನ್ನೂ ತಿಳಿಸಬೇಕು. ಅಳಿವೆಯಲ್ಲಿ ನಾನು ಸೀಸದ ಗುಂಡನ್ನು ಕೆಳಗೆ ಕಟ್ಟಿ, ಅದಕ್ಕಿಂತ ಒಂದು ಗೇಣು ಮೇಲೆ ಗಾಳವನ್ನು ಕವಲಾಗಿ ಕಟ್ಟುವವನು. ಆ ಕ್ರಮ ಅಲ್ಲಿ ನಡೆಯುತ್ತದೆಯೇ? ಮಂಗಳೂರಿನ ಅಂಗಡಿಯಲ್ಲಿ ಕೊಂಡ 40 ಗ್ರಾಂ ತೂಕದ ನಾಲ್ಕು ಲೋಹದ ಜಿಗ್‌ಗಳು ನನ್ನಲ್ಲಿವೆ. ಅವುಗಳನ್ನು ಕೊಂಡುಹೋದರೆ ಉಪಯೋಗವಾದೀತೇ?

ಸುರತ್ಕಲ್ ಕಡಲಬದಿ

ಮಾಸ್ಟ್ರೇ, ನಮಸ್ಕಾರ. ಹನ್ನೊಂದು ಚಳಿಗಾಲಗಳನ್ನು ವಿನ್ನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಕಳೆದು, ಈಗ ಊರಿಗೆ ಮರಳಿರುವ ನನಗೆ ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಅಲ್ಲಿನ ಹಳಬರು ಈ ಮೀನನ್ನು ಪಿಕರೆಲ್ ಎಂದೇ ಕರೆಯುತ್ತಾರೆ. ಅಂಗಡಿಯಲ್ಲಿ ಆ ಹೆಸರು ಕೇಳಿದರೆ ಬೇರೆ ಮೀನೆಂದು ಭಾವಿಸಬೇಡಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 40 ಗ್ರಾಂ ಜಿಗ್‌ಗಳನ್ನು ಮನೆಯಲ್ಲಿಯೇ ಬಿಡಿ. ಅವು ಸಮುದ್ರದ ಸೆಳೆತವನ್ನು ಮೀರಿ ಹತ್ತಾರು ಮಾರು ಆಳಕ್ಕೆ ಇಳಿಯಬೇಕೆಂದು ಮಾಡಿದವು. ವಿನ್ನಿಪೆಗ್ ಸರೋವರ ಸುಮಾರು 24,500 ಚದರ ಕಿಲೋಮೀಟರ್ ವಿಸ್ತಾರವಿದ್ದರೂ ಅದರ ಸರಾಸರಿ ಆಳ ಹನ್ನೆರಡು ಮೀಟರ್ ಮಾತ್ರ. ಸರೋವರದ ದಡದ ಊರಾದ ಗಿಮ್ಲಿಯ ಸುತ್ತಮುತ್ತ ಜನ ಗಾಳ ಹಾಕುವ ಎಷ್ಟೋ ಕಡೆ ನೀರು ಎರಡು ಮೂರು ಮಾರಿಗಿಂತ ಹೆಚ್ಚಿಲ್ಲ. ಅಷ್ಟು ಆಳವಿಲ್ಲದ ನೀರಿನಲ್ಲಿ ಭಾರವಾದ ಲೋಹ ಕಲ್ಲು ಹಾಕಿದ ಹಾಗೆ ನೇರವಾಗಿ ತಳಕ್ಕೆ ಬೀಳುತ್ತದೆ, ಮೀನಿಗೆ ಅದನ್ನು ನೋಡುವುದಕ್ಕೂ ಸಮಯ ಸಿಗುವುದಿಲ್ಲ. ಆ ನೀರಿಗೆ 3.5 ಗ್ರಾಂನಿಂದ 10 ಗ್ರಾಂವರೆಗಿನ ಲೂರ್ ಸಾಕು. ಅಲ್ಲಿ ತೂಕವನ್ನು ಔನ್ಸ್ ಲೆಕ್ಕದಲ್ಲಿ ಬರೆದಿರುತ್ತಾರೆ. ಔನ್ಸಿನ ಎಂಟನೆಯ ಒಂದು ಭಾಗ ಎಂದರೆ ಮೂರೂವರೆ ಗ್ರಾಂ, ಕಾಲು ಔನ್ಸ್ ಎಂದರೆ ಏಳು ಗ್ರಾಂ ಎಂದು ನೆನಪಿಟ್ಟುಕೊಳ್ಳಿ.

ಲೂರ್ ಆರಿಸುವಾಗ ಹೊಸಬರು ಬಣ್ಣವನ್ನು ಮೊದಲು ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಅದು ಹೇಗೆ ಬೀಳುತ್ತದೆ ಎಂಬುದನ್ನು. ಚಳಿಗಾಲದಲ್ಲಿ ಮಂಜುಗಡ್ಡೆಗೆ ತಾಗಿದ ನೀರು ಸೊನ್ನೆ ಡಿಗ್ರಿಯ ಹತ್ತಿರವಿರುತ್ತದೆ, ಆಳದ ಕೆರೆಗಳ ತಳದಲ್ಲಿಯೂ ನಾಲ್ಕು ಡಿಗ್ರಿ ಮೀರುವುದಿಲ್ಲ, ಏಕೆಂದರೆ ನೀರು ಅತಿ ಹೆಚ್ಚು ಸಾಂದ್ರವಾಗುವುದು ಆ ಉಷ್ಣತೆಯಲ್ಲಿ. ಅಂತಹ ನೀರಿನಲ್ಲಿ ಮೀನಿನ ಮೈಯೊಳಗಿನ ಎಲ್ಲ ಕ್ರಿಯೆಗಳೂ ನಿಧಾನವಾಗಿರುತ್ತವೆ. ನಮ್ಮ ಕೆಂಬೇರಿ ಕಲ್ಲಿನ ಸಂದಿನಿಂದ ಹಾರಿ ಬಂದು ಕಚ್ಚುವಂತೆ ಅದು ದೂರ ಓಡಿಬರುವುದಿಲ್ಲ. ಹತ್ತಿರ ಬಂದು, ನಿಂತು, ನೋಡಿ, ಅನಂತರವೇ ಬಾಯಿ ಹಾಕುತ್ತದೆ. ಆದ್ದರಿಂದ ಲೂರ್‌ಗೆ ಎರಡು ಕೆಲಸಗಳಿವೆ: ದೂರದ ಮೀನನ್ನು ಕರೆಯುವುದು ಮತ್ತು ಹತ್ತಿರ ಬಂದದ್ದನ್ನು ಕಚ್ಚಿಸುವುದು. ಒಂದೇ ಲೂರ್ ಎರಡನ್ನೂ ಚೆನ್ನಾಗಿ ಮಾಡುವುದು ಅಪರೂಪ.

ಕರೆಯುವ ಕೆಲಸಕ್ಕೆ ಸದ್ದು ಮಾಡುವ ಲೂರ್‌ಗಳು ಉತ್ತಮ. ವಿನ್ನಿಪೆಗ್ ಸರೋವರದ ದಕ್ಷಿಣ ಭಾಗಕ್ಕೆ ರೆಡ್ ನದಿ ಹೊತ್ತು ತರುವ ಜೇಡಿಯಿಂದಾಗಿ ನೀರು ಕದಡಿರುತ್ತದೆ. ಹಿಮದ ಹೊದಿಕೆಯಡಿ ತಿಳಿಯಾದರೂ ಪೂರ್ತಿ ತಿಳಿಯಾಗುವುದಿಲ್ಲ. ಕಣ್ಣಿಗೆ ಕಾಣುವ ಮೊದಲೇ ಮೀನು ತನ್ನ ಪಕ್ಕದ ಸಂವೇದನಾ ರೇಖೆಯಿಂದ ನೀರಿನ ಅದುರನ್ನು ಗ್ರಹಿಸುತ್ತದೆ. ಆದ್ದರಿಂದಲೇ ಅಲ್ಲಿ ರಿಪಿನ್ ರಾಪ್ ಮಾದರಿಯ, ಒಳಗೆ ಗುಂಡುಗಳಿರುವ ಚಪ್ಪಟೆ ಮೀನಿನಾಕಾರದ ಲೂರ್‌ಗಳಿಗೆ ಅಷ್ಟು ಬೇಡಿಕೆ. ಎಳೆದಾಗ ನಡುಗಿ ಸದ್ದು ಮಾಡುತ್ತವೆ, ಬಿಟ್ಟಾಗ ತೂಗಾಡುತ್ತ ಇಳಿಯುತ್ತವೆ.

ಸ್ಪೂನ್‌ಗಳಲ್ಲಿ ಎರಡು ಗುಣಗಳಿವೆ. ಸ್ವೀಡಿಷ್ ಪಿಂಪಲ್‌ನಂತೆ ಕಿರಿದಾಗಿ ದಪ್ಪವಾಗಿರುವುದು ಬೇಗ ಇಳಿಯುತ್ತದೆ, ಹೆಚ್ಚು ಅಲೆಯುವುದಿಲ್ಲ. ಅಗಲವಾಗಿ ತೆಳ್ಳಗಿರುವುದು ಅರಳಿ ಎಲೆ ಉದುರುವ ಹಾಗೆ ಆ ಕಡೆ ಈ ಕಡೆ ಹೊರಳುತ್ತ ಇಳಿಯುತ್ತದೆ. ಮೀನು ಚುರುಕಾಗಿದ್ದು ಬೇಗಬೇಗ ತಳಕ್ಕೆ ಮುಟ್ಟಿಸಬೇಕಾದಾಗ ಮೊದಲನೆಯದು, ಮೀನು ಬಂದು ನೋಡುತ್ತಿದ್ದರೂ ಕಚ್ಚದಿರುವಾಗ ಎರಡನೆಯದು ಎಂದು ನಾನು ಬಳಸುತ್ತಿದ್ದೆ. ಹೊಸಬರಿಗೆ ಏಳು ಗ್ರಾಂ ತೂಕದ ಸ್ಪೂನ್‌ಗಿಂತ ಒಳ್ಳೆಯ ಗುರು ಇಲ್ಲ, ಏಕೆಂದರೆ ಅದು ಬೀಳುತ್ತಿರುವುದು, ತಳಕ್ಕೆ ತಾಗಿದ್ದು, ಮೀನು ಮುಟ್ಟಿದ್ದು ಎಲ್ಲವೂ ಕೈಗೆ ತಿಳಿಯುತ್ತದೆ.

ನೀವು ಹೇಳಿದ ಬಾಲದ ರೆಕ್ಕೆಯ ಪುಟ್ಟ ಮೀನು ಜಿಗ್ಗಿಂಗ್ ರಾಪ್ ಎಂಬ ಜಾತಿಯದು. ಫಿನ್‌ಲೆಂಡಿನ ರಪಾಲಾ ಕಂಪನಿಯದು ಪ್ರಸಿದ್ಧ; ಅದರ ಸಂಖ್ಯೆ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಹೇಳುತ್ತದೆ, ವಾಲೈಗೆ 5 ಮತ್ತು 7 ಸಂಖ್ಯೆಯವು ಹೊಂದುತ್ತವೆ. ಬೆನ್ನಿನ ಮೇಲಿನ ಕೊಂಡಿಗೆ ದಾರ ಕಟ್ಟುವುದರಿಂದ ಅಡ್ಡಲಾಗಿ ತೂಗುತ್ತದೆ. ರಾಡನ್ನು ಥಟ್ಟನೆ ಎತ್ತಿ ಬಿಟ್ಟರೆ ಪಕ್ಕಕ್ಕೆ ಚಿಮ್ಮಿ, ಸುತ್ತು ಹಾಕಿ, ಮತ್ತೆ ತೂತಿನ ಕೆಳಗೆ ಬಂದು ನಿಲ್ಲುತ್ತದೆ. ನೇರ ಕೆಳಗೆ ಮಾತ್ರ ದಾರ ಬಿಡಬಹುದಾದ ಸ್ಥಳದಲ್ಲಿ ಪಕ್ಕಕ್ಕೆ ಈಜಬಲ್ಲ ಲೂರ್ ಇದು, ಅದಕ್ಕೇ ನನಗೆ ಇದರ ಮೇಲೆ ಹೆಚ್ಚು ಪ್ರೀತಿ.

ಇನ್ನು ಬಣ್ಣ. ವಾಲೈಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವೊಂದಿದೆ. ರಾತ್ರಿ ದೀಪ ಬಿದ್ದಾಗ ಬೆಕ್ಕಿನ ಕಣ್ಣು ಹೊಳೆಯುವುದು ಇಂತಹ ಪದರದಿಂದಲೇ. ಹಾಗಾಗಿ ಮಂದ ಬೆಳಕಿನಲ್ಲಿ ಅದು ತನ್ನ ಆಹಾರದ ಮೀನುಗಳಿಗಿಂತ ಚೆನ್ನಾಗಿ ನೋಡಬಲ್ಲದು, ಸೂರ್ಯೋದಯ ಮತ್ತು ಸೂರ್ಯಾಸ್ತದ ಆಸುಪಾಸಿನಲ್ಲಿ ಬೇಟೆಯಾಡುತ್ತದೆ. ಕದಡಿದ ನೀರಿಗೆ ಚಿನ್ನದ ಬಣ್ಣ, ಕಿತ್ತಳೆ, ಹಳದಿ ಮಿಶ್ರಿತ ಹಸಿರು. ತಿಳಿನೀರಿಗೆ ಬೆಳ್ಳಿ ಬಣ್ಣ. ಕತ್ತಲಾಗುವ ಹೊತ್ತಿಗೆ ಬೆಳಕು ಹೀರಿ ಹೊಳೆಯುವ ಬಣ್ಣ. ಇಷ್ಟು ಸಾಕು. ನಮ್ಮಲ್ಲಿ ರಾತ್ರಿ ಬೊಂಡಾಸ ಹಿಡಿಯುವವರು ಹೊಳೆಯುವ ಗಾಳ ಬಳಸುವುದನ್ನು ನೀವು ನೋಡಿರಬಹುದು, ಇದೂ ಅದೇ ಬಣ್ಣ. ಟಾರ್ಚಿನ ಬೆಳಕಿಗೆ ಅರ್ಧ ನಿಮಿಷ ಹಿಡಿದು ನೀರಿಗೆ ಬಿಟ್ಟರೆ ಸ್ವಲ್ಪ ಹೊತ್ತು ಹೊಳೆಯುತ್ತದೆ.

ಸ್ಪೂನ್‌ನ ಮೂರು ಮೊನೆಯ ಗಾಳಕ್ಕೆ ಒಂದು ಸಣ್ಣ ಮೀನಿನ ತಲೆಯನ್ನು ಸಿಕ್ಕಿಸುವುದನ್ನು ಮರೆಯಬೇಡಿ. ಅಲ್ಲಿನ ಅಂಗಡಿಗಳಲ್ಲಿ ಉಪ್ಪು ಹಾಕಿ ಘನೀಕರಿಸಿದ ಶೈನರ್ ಮೀನುಗಳು ಸಿಗುತ್ತವೆ. ಕಿವಿರಿನ ಹಿಂದೆ ಚಿವುಟಿ, ತಲೆಯನ್ನು ಮಾತ್ರ ತೆಗೆದುಕೊಂಡು, ಗದ್ದದ ಕೆಳಗಿನಿಂದ ನೆತ್ತಿಯವರೆಗೆ ಒಂದೇ ಮೊನೆಯನ್ನು ದಾಟಿಸಬೇಕು. ಇಡೀ ಮೀನನ್ನು ಸಿಕ್ಕಿಸಿದರೆ ವಾಸನೆ ಹೆಚ್ಚುತ್ತದೆ ನಿಜ, ಆದರೆ ಸ್ಪೂನ್ ಹೊರಳುವುದೇ ನಿಂತುಹೋಗುತ್ತದೆ. ಇಡೀ ಮೀನಿಗೆ ಜಾಗ ಎರಡನೆಯ ರಾಡಿನಲ್ಲಿದೆ: ಹಗುರವಾದ ಗುಂಡು ತಲೆಯ ಜಿಗ್‌ಗೆ ಅದನ್ನು ಸಿಕ್ಕಿಸಿ, ತಳದಿಂದ ಒಂದು ಅಡಿ ಮೇಲೆ ಅಲುಗಾಡಿಸದೆ ನಿಲ್ಲಿಸಿ. ಮೊದಲನೆಯ ರಾಡಿನ ಗಲಾಟೆಗೆ ಹತ್ತಿರ ಬಂದ ಮೀನು ಎಷ್ಟೋ ಸಲ ಪಕ್ಕದ ತೂತಿನ ಸುಮ್ಮನಿರುವ ಮೀನನ್ನೇ ಕಚ್ಚುತ್ತದೆ.

ಉಳ್ಳಾಲದ ದಡ

ಸುರತ್ಕಲ್‌ನವರು ಆಯ್ಕೆಯ ವಿಷಯವನ್ನು ಚೆನ್ನಾಗಿ ಬರೆದಿದ್ದಾರೆ. ನಾನು ನೇತ್ರಾವತಿ ಅಳಿವೆಯಲ್ಲಿ ಲೂರ್ ಬಳಸುವವನು. ಅಮೆರಿಕದ ಮಿನ್ನೆಸೋಟದಲ್ಲಿ ಕೆಲಸದ ನಿಮಿತ್ತ ನಾಲ್ಕು ಚಳಿಗಾಲ ಇದ್ದಾಗ ಮಂಜಿನ ಮೇಲೆಯೂ ಗಾಳ ಹಾಕಿದ್ದೇನೆ. ಕಟ್ಟುವ ಕ್ರಮದ ಬಗ್ಗೆ ನನ್ನ ಅನುಭವವನ್ನು ಹೇಳುತ್ತೇನೆ, ಏಕೆಂದರೆ ಒಳ್ಳೆಯ ಲೂರ್ ಕೊಂಡು ತಪ್ಪಾಗಿ ಕಟ್ಟಿ ಅದರ ಚಲನೆಯನ್ನೇ ಕೊಂದುಹಾಕುವವರನ್ನು ಎರಡೂ ದೇಶಗಳಲ್ಲಿ ನೋಡಿದ್ದೇನೆ. ಮೊದಲ ವರ್ಷ ನಾನೂ ಹಾಗೆಯೇ ಮಾಡಿದ್ದೆ.

ಕೆಳಗೆ ಗುಂಡು, ಮೇಲೆ ಕವಲಿನಲ್ಲಿ ಗಾಳ ಎಂಬ ನಮ್ಮ ಅಳಿವೆಯ ಕಟ್ಟು ಅಲ್ಲಿ ಬೇಡ. ಹರಿಯುವ ನೀರಿನಲ್ಲಿ ಎರೆಯನ್ನು ಒಂದೆಡೆ ನಿಲ್ಲಿಸುವುದಕ್ಕಾಗಿ ನಾವು ಹಾಗೆ ಕಟ್ಟುತ್ತೇವೆ. ಜಿಗ್ಗಿಂಗ್‌ನಲ್ಲಿ ಲೂರೇ ಗುಂಡು, ಲೂರೇ ಎರೆ. ದಾರದ ತುದಿಯಲ್ಲಿ ಅದೊಂದೇ ಇರಬೇಕು.

ಮುಖ್ಯ ದಾರ ಯಾವುದು ಎನ್ನುವುದು ನೀವು ಎಲ್ಲಿ ಕುಳಿತುಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ. ಹೀಟರ್ ಇರುವ ಗುಡಾರದೊಳಗಾದರೆ 8 ಅಥವಾ 10 ಪೌಂಡ್ ಎಳೆತ ತಾಳುವ ಬ್ರೇಡ್, ಅಂದರೆ ಹೆಣೆದ ದಾರ, ಉತ್ತಮ. ಅದು ಹಿಗ್ಗುವುದಿಲ್ಲವಾದ್ದರಿಂದ ಮೀನಿನ ಮೆಲುವಾದ ಮುಟ್ಟುವಿಕೆಯೂ ಬೆರಳಿಗೆ ತಿಳಿಯುತ್ತದೆ. ಬಯಲಿನಲ್ಲಿ, ಮೈನಸ್ ಇಪ್ಪತ್ತರ ಗಾಳಿಯಲ್ಲಿ ಕುಳಿತರೆ, ಹೆಣೆದ ಬ್ರೇಡ್ ನೀರನ್ನು ಹೀರಿ ರಾಡಿನ ಉಂಗುರಗಳಲ್ಲಿ ಹೆಪ್ಪುಗಟ್ಟುತ್ತದೆ. ಆಗ 6 ಅಥವಾ 8 ಪೌಂಡಿನ ಸಾಮಾನ್ಯ ನೈಲಾನ್ ದಾರವೇ ಮೇಲು.

ಬ್ರೇಡ್ ಬಳಸಿದರೆ ತುದಿಗೆ ಅಷ್ಟೇ ಬಲದ ಫ್ಲೋರೋಕಾರ್ಬನ್ ಲೀಡರ್, ಅಂದರೆ ಲೂರ್ ಕಟ್ಟುವ ತುಂಡು ದಾರ, ಬೇಕು. ಎರಡರ ನಡುವೆ ಅತಿ ಚಿಕ್ಕ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ, ಏಕೆಂದರೆ ಸ್ಪೂನ್ ಇಳಿಯುವಾಗ ತಿರುಗುತ್ತ ದಾರವನ್ನು ಹುರಿಗೊಳಿಸುತ್ತದೆ. ಜಿಗ್ಗಿಂಗ್ ರಾಪ್ ಒಂದೇ ದಿಕ್ಕಿನಲ್ಲಿ ಸುತ್ತಿದರೂ ಅದೇ ತೊಂದರೆ. ಇಲ್ಲಿ ಒಂದು ಅಳತೆಯನ್ನು ಗಮನಿಸಿ. ಮಂಜಿನ ಮೇಲೆ ಬಳಸುವ ರಾಡ್ ಸುಮಾರು 28 ಅಂಗುಲದ್ದು, ಸ್ವಿವೆಲ್ ಅದರ ತುದಿಯ ಉಂಗುರವನ್ನು ದಾಟುವುದಿಲ್ಲ. ಲೀಡರ್ ಒಂದು ಮೀಟರ್ ಇದ್ದರೆ ಮೀನು ಇನ್ನೂ ತೂತಿನ ಕೆಳಗಿರುವಾಗಲೇ ಸ್ವಿವೆಲ್ ತುದಿಗೆ ಬಂದು ಸಿಕ್ಕಿಕೊಳ್ಳುತ್ತದೆ, ನೀವು ರಾಡನ್ನು ಗುಡಾರದ ಮಾಡಿಗೆ ತಾಗುವಷ್ಟು ಎತ್ತಿ ಒದ್ದಾಡಬೇಕಾಗುತ್ತದೆ. ಎರಡು ಗೇಣಿನಿಂದ ಎರಡೂವರೆ ಗೇಣು, ಅಂದರೆ 45ರಿಂದ 60 ಸೆಂಟಿಮೀಟರ್ ಸಾಕು.

ಲೂರ್ ಸೇರುವ ತುದಿಗೆ ಮೂರು ಬಗೆ. ಜಿಗ್ಗಿಂಗ್ ರಾಪ್‌ನ ಬೆನ್ನಿನ ಕೊಂಡಿಗೆ ದುಂಡಗಿನ ಬಾಯಿಯ ಪುಟ್ಟ ಸ್ನ್ಯಾಪ್ (ತೆರೆದು ಮುಚ್ಚುವ ಕೊಂಡಿ) ಹಾಕಿ, ಅದು ಸರಾಗವಾಗಿ ಆಡಬೇಕು. ಸ್ಪೂನ್‌ಗೆ ಉಂಗುರವಿದ್ದರೆ ಅದಕ್ಕೇ ನೇರ ಗಂಟು ಹಾಕಬಹುದು. ಉಂಗುರ, ಸ್ನ್ಯಾಪ್, ಮೇಲೊಂದು ಸ್ವಿವೆಲ್ ಎಂದು ಸರಪಳಿ ಬೆಳೆಸಿದರೆ ಮೂರೂವರೆ ಗ್ರಾಂನ ಸ್ಪೂನ್ ಸತ್ತಂತೆ ತೂಗುತ್ತದೆ. ಗುಂಡು ತಲೆಯ ಜಿಗ್‌ಗೆ ಸ್ನ್ಯಾಪ್ ಬೇಡವೇ ಬೇಡ. ದಾರವನ್ನು ನೇರ ಕಟ್ಟಿ, ಗಂಟನ್ನು ಜಿಗ್ ಅಡ್ಡಲಾಗಿ ತೂಗುವ ಜಾಗಕ್ಕೆ ಸರಿಸಿ ಬಿಗಿಮಾಡಿ. ಪ್ರತಿ ಮೀನು ಹಿಡಿದ ಮೇಲೂ ಗಂಟು ಜಾರಿರುತ್ತದೆ, ಪ್ರತಿ ಸಲವೂ ಸರಿಪಡಿಸಬೇಕು. ಗಂಟಿಗೆ ಪಾಲೋಮಾರ್ ನನಗೆ ಮೆಚ್ಚು: ದಾರವನ್ನು ಜೋಡಿಯಾಗಿ ಕೊಂಡಿಯಲ್ಲಿ ತೂರಿಸಿ, ಸಡಿಲ ಗಂಟು ಹಾಕಿ, ಕುಣಿಕೆಯನ್ನು ಲೂರ್‌ನ ಮೇಲಿಂದ ದಾಟಿಸಿ ಎಳೆಯುವುದು. ಎಳೆಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ, ಒಣ ಫ್ಲೋರೋಕಾರ್ಬನ್ ಉಜ್ಜಿ ಬಿಸಿಯಾದರೆ ಅಲ್ಲೇ ದುರ್ಬಲವಾಗುತ್ತದೆ. ಚಳಿಯಲ್ಲಿ ಬೆರಳು ಮಾತು ಕೇಳುವುದಿಲ್ಲವಾದ್ದರಿಂದ ಆರೇಳು ಲೀಡರ್‌ಗಳನ್ನು ಮನೆಯಲ್ಲಿಯೇ ಕಟ್ಟಿ ಒಂದು ರಟ್ಟಿಗೆ ಸುತ್ತಿಟ್ಟುಕೊಳ್ಳಿ.

ಉಕ್ಕಿನ ತಂತಿ ಬೇಡ. ವಾಲೈಗೆ ಹಲ್ಲಿದ್ದರೂ ಅದು ಚುಚ್ಚುವ ಹಲ್ಲು, ದಾರ ಕತ್ತರಿಸುವುದು ಅಪರೂಪ. ಅದೇ ನೀರಿನಲ್ಲಿರುವ ಪೈಕ್ ಮೀನು ಕತ್ತರಿಸುತ್ತದೆ. ಅದರ ಕಾಟ ಹೆಚ್ಚಾದರೆ ಲೀಡರ್ ಅನ್ನು 15 ಪೌಂಡಿಗೆ ಏರಿಸಿದರಾಯಿತು.

ಇನ್ನೊಂದು ಮುಖ್ಯ ವಿಷಯ. ಮ್ಯಾನಿಟೋಬಾದಲ್ಲಿ ಹಿಂಮುಳ್ಳು ಇರುವ ಗಾಳ ಬಳಸುವುದು ಕಾನೂನಿಗೆ ವಿರುದ್ಧ. ಅಂಗಡಿಯಲ್ಲಿ ಸಿಗುವ ಲೂರ್‌ಗಳಿಗೆ ಹಿಂಮುಳ್ಳು ಇದ್ದೇ ಇರುತ್ತದೆ, ಕೊಂಡ ಕೂಡಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಜಿಗ್ಗಿಂಗ್ ರಾಪ್‌ನಲ್ಲಿ ಹೊಟ್ಟೆಯ ಮೂರು ಮೊನೆಗಳಲ್ಲದೆ ಮೂತಿಯಲ್ಲೊಂದು, ಬಾಲದಲ್ಲೊಂದು ಗಾಳವಿರುತ್ತದೆ. ಹೊಸಬರು ಹೊಟ್ಟೆಯದನ್ನು ಒತ್ತಿ ಉಳಿದೆರಡನ್ನು ಮರೆತುಬಿಡುತ್ತಾರೆ.

ಹೋಗುವ ಮೊದಲು ಒಂದು ಜಿಗ್ಗಿಂಗ್ ರಾಪ್ ತರಿಸಿಕೊಂಡು ಮನೆಯ ಬಾವಿಯಲ್ಲಿ ಇಳಿಬಿಟ್ಟು ನೋಡಿ. ಮಳೆ ನಿಂತು ನೀರು ತಿಳಿಯಾಗಿರುವ ಬಾವಿಯಲ್ಲಿ ಅದರ ಸುತ್ತು ಸ್ಪಷ್ಟವಾಗಿ ಕಾಣುತ್ತದೆ.

ಕಡೆಕಾರಿನ ಮಾಸ್ಟ್ರು, ಉಡುಪಿ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಲೀಡರ್‌ನ ಉದ್ದ ಮತ್ತು ರಾಡಿನ ಉದ್ದದ ಸಂಬಂಧವನ್ನು ನಾನಾಗಿ ಯೋಚಿಸುವುದು ಸಾಧ್ಯವಿರಲಿಲ್ಲ. ಬ್ರೇಕ್‌ವಾಟರ್‌ನಲ್ಲಿ ಹನ್ನೆರಡು ಅಡಿಯ ರಾಡ್ ಹಿಡಿಯುವವನಿಗೆ ಅದು ತೊಡಕೇ ಅಲ್ಲ. ನಿಮ್ಮ ಉತ್ತರಗಳನ್ನು ಮಗನಿಗೂ ಓದಿ ಹೇಳಿದೆ. ಅವನು ಎರಡು ಸಂದೇಹಗಳನ್ನು ಕೇಳಿದ್ದಾನೆ.

ಅವನ ಗೆಳೆಯರೊಡನೆ ಕಳೆದ ವರ್ಷ ಹೋದಾಗ ಫಿಶ್ ಫೈಂಡರ್‌ನ ಪರದೆಯಲ್ಲಿ ಮೀನು ಲೂರ್‌ನ ಪಕ್ಕಕ್ಕೆ ಬಂದು ನಿಂತದ್ದು ಕಾಣುತ್ತಿತ್ತಂತೆ, ಆದರೆ ಗಂಟೆಗಟ್ಟಲೆ ಒಂದೂ ಕಚ್ಚಲಿಲ್ಲವಂತೆ. ಆಗ ಕೈಯನ್ನು ಹೇಗೆ ಆಡಿಸಬೇಕು? ಎರಡನೆಯದಾಗಿ, ಸೆಲ್ಕರ್ಕ್ ಹತ್ತಿರ ರೆಡ್ ನದಿಯ ಮೇಲೂ ಜನ ಕುಳಿತುಕೊಳ್ಳುತ್ತಾರೆ ಎನ್ನುತ್ತಾನೆ. ಅಲ್ಲಿಗೂ ಇದೇ ಲೂರ್‌ಗಳು ಆಗುತ್ತವೆಯೇ?

ಸುರತ್ಕಲ್ ಕಡಲಬದಿ

ನಿಮ್ಮ ಮಗನ ಗೆಳೆಯರು ಬಹುಶಃ ಮೀನು ಬಂದ ಮೇಲೂ ಮೊದಲಿನ ಜೋರಿನಲ್ಲಿಯೇ ರಾಡ್ ಆಡಿಸಿರಬೇಕು. ಪರದೆ ಖಾಲಿ ಇರುವಾಗ ಒಂದೆರಡು ಅಡಿ ಜೋರಾಗಿ ಎತ್ತಿ ಬಿಡಿ, ನಡುನಡುವೆ ಲೂರ್‌ನಿಂದ ತಳವನ್ನು ಎರಡು ಮೂರು ಸಲ ತಟ್ಟಿ ಕೆಸರೆಬ್ಬಿಸಿ. ಬಿಡುವಾಗ ದಾರವನ್ನು ಪೂರ್ತಿ ಸಡಿಲ ಬಿಡದೆ, ರಾಡಿನ ತುದಿ ಲೂರ್‌ನ ಹಿಂದೆಯೇ ಇಳಿಯುವಂತೆ ನೋಡಿಕೊಳ್ಳಿ, ಏಕೆಂದರೆ ಎಷ್ಟೋ ಮೀನುಗಳು ಲೂರ್ ಬೀಳುತ್ತಿರುವಾಗಲೇ ಕಚ್ಚುತ್ತವೆ. ಪರದೆಯಲ್ಲಿ ಲೂರ್‌ನ ಗೆರೆಯ ಜೊತೆಗೆ ಮೀನಿನದೊಂದು ಎರಡನೆಯ ಗೆರೆ ಮೂಡಿದ ಕೂಡಲೇ ಎತ್ತುವುದನ್ನು ನಿಲ್ಲಿಸಿ. ಲೂರ್ ತಳದಿಂದ ಒಂದು ಗೇಣು, ಒಂದೂವರೆ ಗೇಣು ಮೇಲಿರಲಿ. ಮೊಣಕೈ ಊರಿ, ಮಣಿಕಟ್ಟನ್ನು ಮಾತ್ರ ಸಣ್ಣಗೆ ನಡುಗಿಸಿ, ಮತ್ತೆ ಹತ್ತು ಎಣಿಸುವವರೆಗೆ ಸುಮ್ಮನಿರಿ. ಕಚ್ಚುವುದು ಹೆಚ್ಚಾಗಿ ಆ ಎಣಿಕೆಯ ನಡುವೆ.

ಆಗಲೂ ಕಚ್ಚದಿದ್ದರೆ ಬಹಳ ನಿಧಾನವಾಗಿ, ಬಾವಿಯಿಂದ ತುಂಬಿದ ಕೊಡವನ್ನು ಚೆಲ್ಲದಂತೆ ಸೇದುವ ಹಾಗೆ, ಲೂರ್ ಅನ್ನು ಮೇಲಕ್ಕೆ ತನ್ನಿ. ಹಿಂಬಾಲಿಸಿ ಮೇಲೇರುವ ಮೀನು ಕಚ್ಚುವ ಮನಸ್ಸುಳ್ಳದ್ದು, ತಳದಲ್ಲಿಯೇ ಉಳಿಯುವುದು ನೋಡುವುದಕ್ಕಷ್ಟೇ ಬಂದದ್ದು. ಮೂರು ನಾಲ್ಕು ಮೀನುಗಳು ಹೀಗೆ ಬಂದು ಹೋದರೆ ಬಣ್ಣ ಬದಲಿಸುವ ಮೊದಲು ಗಾತ್ರ ಬದಲಿಸಿ, 7ರಿಂದ 5ಕ್ಕೆ ಇಳಿಯಿರಿ, ಅಥವಾ ತೆಳ್ಳಗಿನ ಸ್ಪೂನ್ ಕಟ್ಟಿ. ಸಿಕ್ಕಿಸಿದ ಮೀನಿನ ತಲೆ ಬಿಳಿಚಿಕೊಂಡಿದ್ದರೆ ಹೊಸದನ್ನು ಹಾಕಿ.

ರೆಡ್ ನದಿಯ ಮಾತು ಬೇರೆ. ಹಿಮದಡಿಯಲ್ಲಿಯೂ ನೀರು ಉತ್ತರಕ್ಕೆ, ಸರೋವರದ ಕಡೆಗೆ ಹರಿಯುತ್ತಿರುತ್ತದೆ. ತೆಳ್ಳಗಿನ ಸ್ಪೂನ್ ತೂತಿನ ಕೆಳಗೆ ನಿಲ್ಲದೆ ಓರೆಯಾಗಿ ತೇಲುತ್ತದೆ, ಪರದೆಯಲ್ಲಿ ಕಾಣುವುದೂ ಇಲ್ಲ. ಅಲ್ಲಿಗೆ ಹತ್ತು ಗ್ರಾಂ ಅಥವಾ ಮೇಲ್ಪಟ್ಟ, ಕಿರಿದಾದ ಸ್ಪೂನ್ ಬೇಕು. ಹರಿಯುವ ನೀರು ಮಂಜುಗಡ್ಡೆಯನ್ನು ಕೆಳಗಿನಿಂದ ಸವೆಸುವುದರಿಂದ ಒಂದು ಕಡೆ ಗಟ್ಟಿಯಿದ್ದು ಹತ್ತು ಹೆಜ್ಜೆ ಆಚೆ ತೆಳುವಾಗಿರಬಹುದು. ಮೊದಲ ವರ್ಷ ನೀವು ಸರೋವರದ ಮೇಲೆಯೇ, ಅನುಭವಸ್ಥರ ಗುಂಪಿನ ಹತ್ತಿರವೇ ಕುಳಿತುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಕೊಳ್ಳುವುದು ಇಷ್ಟೇ ಸಾಕು: ಏಳು ಗ್ರಾಂನ ಚಿನ್ನದ ಬಣ್ಣದ ಸ್ಪೂನ್ ಎರಡು, 5 ಸಂಖ್ಯೆಯ ಜಿಗ್ಗಿಂಗ್ ರಾಪ್ ಒಂದು, ಸದ್ದು ಮಾಡುವ ಚಪ್ಪಟೆ ಲೂರ್ ಒಂದು, ಎರಡನೆಯ ರಾಡಿಗೆ ಹೊಳೆಯುವ ಬಣ್ಣದ ಮೂರೂವರೆ ಗ್ರಾಂನ ಜಿಗ್‌ಗಳು ಮೂರು ನಾಲ್ಕು. ಮಿಕ್ಕದ್ದನ್ನು ಅಲ್ಲಿನ ನೀರು ನೋಡಿಕೊಂಡು ಆರಿಸಿ.

ಕಿನ್ನಿಗೋಳಿಯ ಅಕ್ಕ

ನಾನು ವಿನ್ನಿಪೆಗ್‌ನಲ್ಲಿ ಸಂಸಾರ ಮಾಡಿಕೊಂಡಿರುವವಳು, ರಜೆಗೆಂದು ಊರಿಗೆ ಬಂದಿದ್ದೇನೆ. ನಮ್ಮ ಮನೆಯಲ್ಲಿ ಮಂಜಿನ ಮೇಲೆ ಗಾಳ ಹಾಕುವವಳು ನಾನೇ, ಯಜಮಾನರು ಚಹಾ ಕಾಯಿಸುತ್ತಾರೆ. ಮೇಲಿನ ಉತ್ತರಗಳಲ್ಲಿ ಬಾರದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಉಳ್ಳಾಲದ ಅಣ್ಣ ಬಾವಿಯಲ್ಲಿ ಲೂರ್ ಇಳಿಬಿಡಿ ಎಂದಿದ್ದಾರೆ. ಆ ಲೂರ್‌ಗಳ ಒಡಲು ಸೀಸದ್ದು, ಮೇಲಿನ ಬಣ್ಣ ಚಕ್ಕೆ ಏಳುವುದುಂಟು. ಕುಡಿಯುವ ನೀರಿನ ಬಾವಿಗೆ ಅದು ಬೇಡ, ತೋಟದ ಕೆರೆ ಇದ್ದರೆ ಅಲ್ಲಿ ನೋಡಿ. ಸೀಸದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಂಗಿಂತ ಕಡಿಮೆ ತೂಕದ ಸೀಸದ ಗುಂಡು ಮತ್ತು ಜಿಗ್‌ಗಳನ್ನು 1997ರಿಂದ ನಿಷೇಧಿಸಿದ್ದಾರೆ, ನೀರುಹಕ್ಕಿಗಳು ಅವನ್ನು ನುಂಗಿ ಸಾಯುತ್ತವೆ ಎಂಬ ಕಾರಣಕ್ಕೆ. ವಿನ್ನಿಪೆಗ್ ಸರೋವರದಲ್ಲಿ ಗಾಳ ಹಾಕುವವರಿಗೆ ಇದು ಅನ್ವಯಿಸದಿದ್ದರೂ, ಗುಂಡು ತಲೆಯ ಜಿಗ್‌ಗಳನ್ನು ಕೊಳ್ಳುವಾಗ ಟಂಗ್‌ಸ್ಟನ್‌ನವನ್ನು ನೋಡಿ ಎಂದು ನನ್ನ ಸಲಹೆ. ಸೀಸ ನೀರಿಗಿಂತ 11.3 ಪಟ್ಟು ಭಾರವಾದರೆ ಟಂಗ್‌ಸ್ಟನ್ 19.3 ಪಟ್ಟು ಭಾರ. ಅದೇ ತೂಕಕ್ಕೆ ಜಿಗ್ ಬಹಳ ಚಿಕ್ಕದಾಗುತ್ತದೆ, ಬೇಗ ಇಳಿಯುತ್ತದೆ. ಬೆಲೆ ಹೆಚ್ಚು.

ಮಾಸ್ಟ್ರೇ, ಪರವಾನಗಿಯನ್ನು ಮಗನ ಹೆಸರಿನಲ್ಲಿ ಮಾತ್ರವಲ್ಲ, ನಿಮ್ಮ ಹೆಸರಿನಲ್ಲಿಯೂ ತೆಗೆಸಬೇಕು. ಎಷ್ಟು ಮೀನು, ಯಾವ ಅಳತೆಯದನ್ನು ಇಟ್ಟುಕೊಳ್ಳಬಹುದು ಎಂಬ ನಿಯಮ ನೀರಿನಿಂದ ನೀರಿಗೆ ಬದಲಾಗುತ್ತದೆ, ಆಯಾ ವರ್ಷದ ಪುಸ್ತಿಕೆಯನ್ನು ಓದಿಕೊಳ್ಳಿ.

ಬಿಡಬೇಕಾದ ಮೀನನ್ನು ಮಂಜಿನ ಮೇಲೆ ಮಲಗಿಸಬೇಡಿ. ಮೈನಸ್ ಇಪ್ಪತ್ತೈದರಲ್ಲಿ ಅದರ ಕಿವಿರು ಮತ್ತು ಕಣ್ಣು ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟತೊಡಗುತ್ತವೆ. ತೂತಿನ ಬಾಯಲ್ಲೇ, ನೀರಿನಲ್ಲಿಯೇ ಗಾಳ ಬಿಡಿಸಿ. ಆಳದ ಕೆರೆಗಳಿಗೆ ಹೋದರೆ ಇನ್ನೊಂದು ಎಚ್ಚರ ಬೇಕು. ವಾಲೈಯ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬಾಯಿಯ ಕಡೆ ದಾರಿಯಿಲ್ಲ. ಹತ್ತು ಮೀಟರಿಗಿಂತ ಆಳದಿಂದ ಎಳೆದಾಗ ಆ ಚೀಲ ಉಬ್ಬಿ, ಬಿಟ್ಟರೂ ಮೀನು ಬದುಕುವುದು ಕಷ್ಟ. ನಮ್ಮ ಆಳಸಮುದ್ರದ ಮುರುಮೀನು ಹೊಟ್ಟೆ ಊದಿಕೊಂಡು ಮೇಲೆ ಬರುವುದನ್ನು ನೀವು ಮಲ್ಪೆ ಬಂದರಿನಲ್ಲಿ ಕಂಡಿರುತ್ತೀರಿ, ಅದೇ ಕಾರಣ. ಅಷ್ಟು ಆಳದಲ್ಲಿ ಊಟಕ್ಕೆ ಬೇಕಾದಷ್ಟು ಹಿಡಿದು ನಿಲ್ಲಿಸಿಬಿಡಿ.

ನಡೆಯುವುದಕ್ಕೆ ಕನಿಷ್ಠ ನಾಲ್ಕು ಅಂಗುಲ ತಿಳಿಯಾದ ಮಂಜುಗಡ್ಡೆ ಇರಬೇಕು. ಬಿಳಿಯಾಗಿ ನೊರೆಯಂತಿರುವ ಮಂಜುಗಡ್ಡೆಗೆ ಅದರ ಅರ್ಧ ಬಲ ಮಾತ್ರ, ಹಾಗಾಗಿ ಎರಡರಷ್ಟು ದಪ್ಪ ಬೇಕು. ಡಿಸೆಂಬರ್ ನಡುವೆ ಹೋಗುವವರು ಅಲ್ಲಲ್ಲಿ ಕೊರೆದು ಅಳೆಯುತ್ತಲೇ ಮುಂದೆ ಹೋಗಬೇಕು. ಗುಡಾರದೊಳಗೆ ಹೀಟರ್ ಉರಿಸುವಾಗ ಗಾಳಿಕಿಂಡಿ ಮುಚ್ಚಬಾರದು.

ಕತ್ತಲಾಗುವ ಮುಕ್ಕಾಲು ಗಂಟೆ ಮೊದಲು ಹೊಸ ಮೀನಿನ ತಲೆ ಸಿಕ್ಕಿಸಿ ಸಿದ್ಧವಾಗಿರಿ. ಆ ಹೊತ್ತಿನಲ್ಲಿ ತೂತಿನ ಮೇಲೆ ಕಟ್ಟುವ ತೆಳು ಮಂಜನ್ನು ಸೌಟಿನಿಂದ ತೆಗೆಯುತ್ತಲೇ ಇರಬೇಕು, ಇಲ್ಲದಿದ್ದರೆ ದಾರ ಅದಕ್ಕೆ ಅಂಟಿ, ಮೀನು ಮುಟ್ಟಿದ್ದು ಕೈಗೆ ತಿಳಿಯದೇ ಹೋಗುತ್ತದೆ.

ಉಳ್ಳಾಲದ ದಡ

ಅಕ್ಕ ಹೇಳಿದ್ದು ಸರಿ, ಬಾವಿಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಮಾಸ್ಟ್ರೇ, ತೋಟದ ಕೆರೆಯಲ್ಲಿ ನೋಡುವಾಗ ಮೊದಲು ಬರಿಯ ಲೂರ್ ಅನ್ನು, ಆಮೇಲೆ ಸ್ನ್ಯಾಪ್ ಹಾಕಿ, ಕೊನೆಗೆ ಬೂತಾಯಿಯ ಚಿಕ್ಕದೊಂದು ತಲೆ ಸಿಕ್ಕಿಸಿ ಇಳಿಬಿಡಿ. ಮೂರು ಸಲವೂ ಅದು ಬೀಳುವ ರೀತಿ ಬೇರೆಯಾಗಿರುತ್ತದೆ. ಯಾವ ಹಂತದಲ್ಲಿ ಹೊರಳುವುದು ನಿಲ್ಲುತ್ತದೆ ಎಂಬುದನ್ನು ಇಲ್ಲಿಯೇ ಕಂಡುಕೊಂಡರೆ, ಅಲ್ಲಿ ಕತ್ತಲೆಯ ನೀರಿನಲ್ಲಿ ಕಾಣದೆಯೂ ಕೈಗೆ ಗೊತ್ತಾಗುತ್ತದೆ.